ನಾಗಲಿಂಗಪ್ಪನವರ ಬೆರಳಿಗೆ ಲೋಕಸಭೆಯ ಉತ್ತರ

ನನಗೆ ಸಿಟ್ಟು ಬೇಗ ಬರುತ್ತದೆ. ಬಾಗಲಗುಂಟೆಯಲ್ಲಿ ಹದಿನೇಳು ವರ್ಷದಿಂದ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇಟ್ಟುಕೊಂಡವಳಿಗೆ ಬರದೆ ಇರುತ್ತದೆಯೇ? ಆಧಾರ್ ತಿದ್ದುಪಡಿ, ಖಾತಾ ಅರ್ಜಿ, ಪಿಂಚಣಿದಾರರು ಬದುಕಿದ್ದಾರೆ ಎನ್ನುವ ಪ್ರಮಾಣಪತ್ರ ಎಂದು ದಿನವಿಡೀ ಸರ್ಕಾರದ ಭಾಷೆಯನ್ನೇ ಕುಟ್ಟುತ್ತಿರುತ್ತೇನೆ. ಆ ಸಿಟ್ಟನ್ನೆಲ್ಲ ಸಂಜೆ ಷಟರ್ ಎಳೆಯುವಾಗ ಅಂಗಡಿಯೊಳಗೇ ಬಿಟ್ಟು ಹೋಗುವುದು ನನ್ನ ಅಭ್ಯಾಸ. ನಾಗಲಿಂಗಪ್ಪನವರ ವಿಷಯದ ಸಿಟ್ಟು ಮಾತ್ರ ನನ್ನ ಜೊತೆ ಮನೆಗೆ ಬಂತು. ಇನ್ನೂ ಹೋಗಿಲ್ಲ.

ನಾಗಲಿಂಗಪ್ಪನವರು ನಮ್ಮ ಅಪ್ಪ ಬೈರಣ್ಣನ ಬಾಡಿಗೆದಾರರಾಗಿದ್ದವರು. ಗಜೇಂದ್ರಗಡದ ಕಡೆಯಿಂದ ಐಟಿಐ ಮುಗಿಸಿಕೊಂಡು ಬಂದು, ಯಶವಂತಪುರದಲ್ಲಿ ಕೇಂದ್ರ ಸರ್ಕಾರದ್ದೊಂದು ಕಾರ್ಖಾನೆಗೆ ಸೇರಿದ್ದರು. ಕಾರ್ಖಾನೆಯ ಹೆಸರು ಬೇಡ, ಈಗ ಅದು ಇಲ್ಲ. ನಮ್ಮ ವಠಾರದ ಕೊನೆಯ ಮನೆಯಲ್ಲಿ ಅವರೂ ಅವರ ಹೆಂಡತಿ ಶಿವಲಿಂಗವ್ವನೂ ಹನ್ನೊಂದು ವರ್ಷ ಇದ್ದರು. ನಾನು ಫ್ರಾಕು ಹಾಕಿಕೊಂಡು ಓಡಾಡುವಾಗ ಶಿವಲಿಂಗವ್ವ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಸಾಕು, ಅವರ ಹೊಸ್ತಿಲ ಮೇಲೆ ಹಾಜರಾಗುತ್ತಿದ್ದೆ. ಆಮೇಲೆ ಅವರು ಪಕ್ಕದ ಬಡಾವಣೆಯಲ್ಲಿ ಸ್ವಂತ ಮನೆ ಕಟ್ಟಿಕೊಂಡು ಹೋದರು. ರೊಟ್ಟಿ ಮಾತ್ರ ಈಗಲೂ ಬರುತ್ತದೆ.

ಅವರ ಬಲಗೈಯಲ್ಲಿ ಇರುವುದು ಎರಡೇ ಬೆರಳು, ಹೆಬ್ಬೆರಳು ಮತ್ತು ಕಿರುಬೆರಳು. ನಡುವಿನ ಮೂರು 1987ರ ಆಯುಧಪೂಜೆಯ ದಿನ ಕಾರ್ಖಾನೆಯಲ್ಲಿ ತಗಡನ್ನು ಅಚ್ಚಿಗೆ ಒತ್ತುವ ಪ್ರೆಸ್ ಯಂತ್ರಕ್ಕೆ ಹೋದವು. ಆಗ ಅವರಿಗೆ ಇಪ್ಪತ್ತೊಂಬತ್ತು ವರ್ಷ. ಎಡಗೈಯಲ್ಲಿ ಬರೆಯುವುದನ್ನು ಮೂರೇ ತಿಂಗಳಲ್ಲಿ ಕಲಿತರು. ನನ್ನ ಅಂಗಡಿಗೆ ಬರುವ ಅರ್ಜಿಗಳಲ್ಲೆಲ್ಲ ಅವರ ಅಕ್ಷರದಷ್ಟು ದುಂಡಗಿನ ಅಕ್ಷರ ನಾನು ಬೇರೆ ನೋಡಿಲ್ಲ. ಯಂತ್ರದ ಕೆಲಸ ಆಗದೆಂದು ಅವರನ್ನು ಉಪಕರಣಗಳ ಕೋಣೆಗೆ ಹಾಕಿದರು. ನಿವೃತ್ತಿಯವರೆಗೂ ಅಲ್ಲೇ, ಜಾಲರಿಯ ಕಿಟಕಿಯ ಹಿಂದೆ, ಯಾವ ಸ್ಪ್ಯಾನರ್ ಯಾರ ಕೈಯಲ್ಲಿದೆ ಎಂದು ನೋಡದೆಯೇ ಹೇಳುತ್ತಾ ಕೂತಿದ್ದರು.

ಈ ಬೆರಳಿನ ಬಗ್ಗೆ ಅವರು ಯಾವತ್ತೂ ಗೋಳಾಡಿದ್ದನ್ನು ನಾನು ಕೇಳಿಲ್ಲ. ಬದಲಿಗೆ ಹೆಮ್ಮೆಪಡುತ್ತಿದ್ದರು! ಏಕೆಂದರೆ ಅವರ ಬೆರಳಿನ ವಿಷಯ ಲೋಕಸಭೆಯಲ್ಲಿ ಬಂದಿತ್ತು. ಅಪಘಾತವಾದ ಎರಡು ತಿಂಗಳಿಗೆ ಯೂನಿಯನ್ನಿನ ಮುಖಂಡರು ಗೇಟಿನ ಮುಂದೆ ಸಭೆ ಸೇರಿಸಿ, ದೆಹಲಿಯಲ್ಲಿ ಒಬ್ಬ ಸಂಸದರು ಪ್ರಶ್ನೆ ಕೇಳಿದ್ದಾರೆ, ಮಂತ್ರಿ ಉತ್ತರ ಕೊಟ್ಟಿದ್ದಾರೆ ಎಂದು ಸಾರಿದರಂತೆ. ಇನ್ನೂ ಬ್ಯಾಂಡೇಜು ಬಿಚ್ಚಿರದ ಇವರ ಕೊರಳಿಗೆ ಹಾರ ಹಾಕಿದರಂತೆ. ನಮ್ಮ ಅಪ್ಪನಂತೂ ಊರೆಲ್ಲ ಹೇಳಿಕೊಂಡು ಬಂದ.

“ಪಾರ್ಲಿಮೆಂಟಲ್ಲೇ ಮಾತಾಡವ್ರೆ ಕಣ್ರಪ್ಪೋ, ನಮ್ಮನೆ ಬಾಡಿಗೆಯೋರ ಇಸ್ಯ! ಉಡುಗಾಟ ಅಂದ್ಕಂಡ್ರಾ?”

ಆ ಉತ್ತರದಲ್ಲಿ ಏನಿತ್ತು ಎಂದು ಯಾರೂ ಕೇಳಲಿಲ್ಲ. ಪ್ರಶ್ನೆ ಬಂದಿತ್ತು, ಉತ್ತರ ಬಂದಿತ್ತು. ದೇಶ ಗಮನಿಸಿತು ಎಂದು ಎಲ್ಲರೂ ನೆಮ್ಮದಿಯಾಗಿ ಮನೆಗೆ ಹೋದರು.

ಕಳೆದ ವರ್ಷ ಆ ಕಾರ್ಖಾನೆಯ ನಿವೃತ್ತ ನೌಕರರ ಸಂಘಕ್ಕೆ ಇಪ್ಪತ್ತೈದು ತುಂಬಿತು. ಸ್ಮರಣ ಸಂಚಿಕೆ ತರುವುದೆಂದಾಯಿತು. ಸಂಘದ ಅಧ್ಯಕ್ಷರು ಮನೋಹರ್. 1987ರಲ್ಲಿ ಅವರು ಪ್ರೆಸ್ ಶೆಡ್ಡಿನ ಪಾಳಿ ಮೇಲ್ವಿಚಾರಕರು, ಮುಂದೆ ಬಡ್ತಿ ಪಡೆಯುತ್ತಾ ಪಡೆಯುತ್ತಾ ಮ್ಯಾನೇಜರರಾಗಿ ನಿವೃತ್ತರಾದವರು. ಸಂಚಿಕೆಯ ಟೈಪಿಂಗ್, ಪುಟ ಜೋಡಣೆ ನನಗೆ ಬಂತು. ಪ್ರತಿಯೊಬ್ಬರೂ ಒಂದು ಪುಟ ಕೊಡಬೇಕು. ಕೆಲವರು ಕವನ ಕೊಟ್ಟರು. ದೇವರೇ ಗತಿ. ನಾಗಲಿಂಗಪ್ಪನವರು ಮಾತ್ರ ಅಂಗಡಿಗೆ ಬಂದು ಕುರ್ಚಿ ಎಳೆದುಕೊಂಡು ಕೂತು, “ಜ್ಯೋತಿ, ಪಾರ್ಲಿಮೆಂಟಿನ ಹಳೇ ಕಾಗದೆಲ್ಲಾ ಈಗ ಕಂಪ್ಯೂಟರಿನ್ಯಾಗ ಸಿಗತಾವಂತಲ್ಲ? ನಂದೂ ಹುಡುಕಿ ತಗಿಯವಾ. ಆ ಹಾಳೀನ ನನ್ನ ಪುಟಕ್ಕ ಹಾಕು” ಎಂದರು.

ಹೌದು, ಸಿಗುತ್ತವೆ. ಗಣರಾಜ್ಯವಾದ ಕಾಲದಿಂದ ಈಚಿನ ಚರ್ಚೆಗಳನ್ನೆಲ್ಲ ಪುಟಪುಟವಾಗಿ ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಹಾಕಿದ್ದಾರೆ. ಯಾರು ಬೇಕಾದರೂ ಓದಬಹುದು, ಕಾಸು ಕೊಡಬೇಕಿಲ್ಲ. ಈ ದೇಶದಲ್ಲಿ ನಾನು ಮೆಚ್ಚುವ ಕೆಲವೇ ಕೆಲಸಗಳಲ್ಲಿ ಇದೂ ಒಂದು. ಹಾಗಾಗಿ ಹುಮ್ಮಸ್ಸಿನಿಂದಲೇ ಕೂತೆ.

ಮೊದಲು ಅವರ ಹೆಸರು ಹಾಕಿ ಹುಡುಕಿದೆ. ಏನೂ ಬರಲಿಲ್ಲ. ಆ ಹೆಸರನ್ನು ಇಂಗ್ಲಿಷಿನಲ್ಲಿ ಹೇಗೆಲ್ಲ ಬರೆಯಬಹುದೋ ಹಾಗೆಲ್ಲ ಬರೆದು ನೋಡಿದೆ. ಆಗಲೂ ಸೊನ್ನೆ.

“ಹೆಸರು ಬಂದೇ ಐತಿ. ಗೇಟ್ ಮೀಟಿಂಗಿನ್ಯಾಗ ಹೇಳ್ಯಾರ” ಎಂದರು ನಾಗಲಿಂಗಪ್ಪ, ಪರದೆ ಸುಳ್ಳು ಹೇಳುತ್ತಿದೆ ಎಂಬಂತೆ.

ಆಮೇಲೆ ಎಂಟನೇ ಲೋಕಸಭೆ ಆರಿಸಿ, ಚಳಿಗಾಲದ ಅಧಿವೇಶನ ಆರಿಸಿ, ಒಂದೊಂದೇ ದಿನದ ಕಡತ ಇಳಿಸಿಕೊಳ್ಳತೊಡಗಿದೆ. ಒಂದೊಂದು ಕಡತವೂ ಇನ್ನೂರು ಮುನ್ನೂರು ಪುಟ. ಬೆಳಗ್ಗೆ ಹನ್ನೊಂದರಿಂದ ಒಂದರವರೆಗೆ ಅಂಗಡಿಯಲ್ಲಿ ಜನ ಕಡಿಮೆ. ಆ ಹೊತ್ತಿಗೆ ಸರಿಯಾಗಿ ಇಸ್ತ್ರಿ ಅಂಗಿ ತೊಟ್ಟು ನಾಗಲಿಂಗಪ್ಪ ಬರುತ್ತಿದ್ದರು. ನಾನು ಪುಟ ಕೆಳಗೆ ಸರಿಸುತ್ತಾ ಹೋಗುತ್ತಿದ್ದೆ, ಅವರು ಕನ್ನಡಕ ಸರಿ ಮಾಡಿಕೊಳ್ಳುತ್ತಾ ನೋಡುತ್ತಿದ್ದರು. ಸಕ್ಕರೆ, ಸಿಮೆಂಟು, ರೈಲ್ವೆ ಮೇಲುಸೇತುವೆ, ಯಾವುದೋ ಊರಿಗೆ ಟಿವಿ ಟವರ್. ಯಾರ್ಯಾರದೋ ಕಷ್ಟಕ್ಕೆ ಯಾರ್ಯಾರೋ ಕೊಟ್ಟ ಉತ್ತರ ಓದೀ ಓದೀ ನಮಗೆ ಒಂದು ವಿಷಯ ಗೊತ್ತಾಯಿತು. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರಿಸಬೇಕು. ಚುಕ್ಕೆ ಇಲ್ಲದಿದ್ದರೆ ಬರಹದಲ್ಲಿ ಕೊಟ್ಟರೆ ಮುಗಿಯಿತು, ಯಾರೂ ಏಳಬೇಕಿಲ್ಲ, ಯಾರೂ ಮಾತಾಡಬೇಕಿಲ್ಲ.

“ನಂದು ಚುಕ್ಕಿದಾ ಇರ್ತೈತಿ” ಎಂದರು ಅವರು.

ಹದಿನಾರನೆಯ ದಿನ ಸಿಕ್ಕಿತು. ಚುಕ್ಕೆ ಇರಲಿಲ್ಲ.

ಪ್ರಶ್ನೆ ಚೆನ್ನಾಗಿಯೇ ಇತ್ತು. ಬೇರೆ ರಾಜ್ಯದ ಒಬ್ಬ ಸಂಸದರು ಕೇಳಿದ್ದರು. ಬೆಂಗಳೂರಿನ ಇಂಥ ಕಾರ್ಖಾನೆಯಲ್ಲಿ ಅಪಘಾತ ಆದದ್ದು ನಿಜವೇ, ಅದಕ್ಕೆ ಯಾರು ಹೊಣೆ, ಏನು ಕ್ರಮ ಕೈಗೊಂಡಿರಿ ಎಂದು. ನಾನು ಉತ್ತರದ ಕಡೆ ಕಣ್ಣು ಹಾಯಿಸಿದೆ. ಓದುತ್ತಾ ಓದುತ್ತಾ ನನ್ನ ಕಿವಿ ಬಿಸಿಯಾಯಿತು.

“ಏನಂತ ಬರದಾರ? ಕನ್ನಡದಾಗ ಹೇಳವಾ” ಎಂದರು.

ಸುಳ್ಳು ಹೇಳಿಬಿಡಬಹುದಿತ್ತು. ಆ ಕ್ಷಣಕ್ಕೆ ಹಾಗೆ ಅನ್ನಿಸಿದ್ದೂ ನಿಜ. ಆದರೆ ಹದಿನಾರು ದಿನ ಇಸ್ತ್ರಿ ಅಂಗಿ ತೊಟ್ಟು ಬಂದು ಕೂತ ಮನುಷ್ಯನಿಗೆ ಸುಳ್ಳು ಹೇಳಲು ನಾಲಗೆ ಬರಲಿಲ್ಲ. ಹೇಳಿದೆ. ಒಬ್ಬ ಕಾರ್ಮಿಕನ ಬೆರಳುಗಳಿಗೆ ಸಣ್ಣ ಗಾಯವಾಗಿದೆ. ಸದರಿ ಕಾರ್ಮಿಕನು ತನ್ನ ಖಾಸಗಿ ಪೂಜೆಗಾಗಿ ಯಂತ್ರದ ರಕ್ಷಣಾ ಕವಚವನ್ನು ಅನುಮತಿಯಿಲ್ಲದೆ ತೆಗೆದು, ತಾನಾಗಿಯೇ ಯಂತ್ರವನ್ನು ಚಾಲೂ ಮಾಡಿದ್ದಾನೆ. ಪ್ರತ್ಯಕ್ಷದರ್ಶಿಗಳು ಯಾರೂ ಇರಲಿಲ್ಲ. ಕಾರ್ಮಿಕನಿಗೆ ಎಚ್ಚರಿಕೆ ನೀಡಲಾಗಿದೆ. ಬೇರೆಯವರ ಮೇಲೆ ಕ್ರಮದ ಪ್ರಶ್ನೆಯೇ ಉದ್ಭವಿಸುವುದಿಲ್ಲ.

ನಾಗಲಿಂಗಪ್ಪ ಕನ್ನಡಕ ಸರಿ ಮಾಡಿಕೊಂಡು ಪರದೆಗೆ ಬಾಗಿದರು.

“ಖಾಸಗಿ ಪೂಜಿ?”

ಬೆಂಗಳೂರಿನಲ್ಲಿ ಯಾವುದೇ ಕಾರ್ಖಾನೆಯಲ್ಲಿ ಒಂದು ವರ್ಷ ದುಡಿದವರನ್ನು ಕೇಳಿ, ಆಯುಧಪೂಜೆ ಯಾರ ಖಾಸಗಿ ಎಂದು. ಆಡಳಿತ ಮಂಡಳಿಯೇ ಸುತ್ತೋಲೆ ಹೊರಡಿಸುತ್ತದೆ. ಹಿಂದಿನ ದಿನ ಯಂತ್ರಗಳ ಕವಚ ಬಿಚ್ಚಿ, ಸೀಮೆಎಣ್ಣೆಯಲ್ಲಿ ಜಿಡ್ಡು ತೊಳೆದು, ಹಳದಿ ಬಣ್ಣ ಬಳಿದು ಅಂಗಳದಲ್ಲಿ ಒಣಗಲು ಇಡುತ್ತಾರೆ. ಮರುದಿನ ಬಾಳೆಕಂದು, ಚೆಂಡುಹೂವು, ಬೂದುಗುಂಬಳ. ದೊಡ್ಡ ಸಾಹೇಬರು ಚಪ್ಪಲಿ ಬಿಟ್ಟು ಬಂದು ಶೆಡ್ಡು ಶೆಡ್ಡಿಗೂ ಮಂಗಳಾರತಿ ಎತ್ತುತ್ತಾರೆ. ಆ ಕಾರ್ಖಾನೆಯಲ್ಲಿ ಇನ್ನೂ ಒಂದು ಪದ್ಧತಿ ಇತ್ತಂತೆ. ಆರತಿಯಾದ ಮೇಲೆ ಪ್ರೆಸ್ಸನ್ನು ಒಂದು ಸಲ ಓಡಿಸಿ, ಶುಭಕ್ಕೆಂದು ಒಂದೇ ಒಂದು ಪೀಸ್ ಹೊಡೆದು, ಅದಕ್ಕೆ ಕುಂಕುಮ ಹಚ್ಚಿ ಸಾಹೇಬರ ಕೈಗೆ ಕೊಡುವುದು.

ಆ ವರ್ಷ ಸಾಹೇಬರು ಅವಸರದಲ್ಲಿದ್ದರು. ಆರತಿ ಮುಗಿಸಿ ಮುಂದಿನ ಶೆಡ್ಡಿಗೆ ಹೊರಟೇಬಿಟ್ಟರು. ಅವರು ಬಾಗಿಲು ದಾಟುವುದರೊಳಗೆ ಪೀಸ್ ಕೊಡಬೇಕೆಂದು ಮನೋಹರ್, “ಹೊಡಿ ನಾಗಲಿಂಗಪ್ಪ, ಬೇಗ” ಎಂದರು. ಕವಚದ ಬಣ್ಣ ಹಸಿ, ಅದು ಇನ್ನೂ ಹೊರಗೆ ಅಂಗಳದಲ್ಲಿ ಎಂದು ಇವರು ಹೇಳಿದರು. “ಒಂದು ಪೀಸ್‌ಗೆ ಕವಚ ಯಾಕ್ರೀ?” ಎಂದರಂತೆ ಮನೋಹರ್. ಇವರು ಹೊಡೆದರು. ಪೀಸ್ ತೆಗೆಯಲು ಕೈ ಹಾಕಿದಾಗ ಯಂತ್ರ ತಾನಾಗಿ ಎರಡನೇ ಸಲ ಇಳಿಯಿತು.

ಇಷ್ಟನ್ನೂ ನಾನು ಮೊದಲಿನಿಂದ ಬಲ್ಲೆ. ಅವರು ಇದನ್ನು ಯಾರ ಮೇಲೂ ಸಿಟ್ಟಿಲ್ಲದೆ ಹೇಳುತ್ತಿದ್ದರು, ಮನೋಹರ್ ಮೇಲೂ ಇರಲಿಲ್ಲ. ಸಿಟ್ಟು ಏಕಿರಲಿಲ್ಲ ಎಂದು ಆ ದಿನ ನನಗೆ ಅರ್ಥವಾಯಿತು. ನಡೆದದ್ದು ನಡೆದ ಹಾಗೆ ದೆಹಲಿಯಲ್ಲಿ ದಾಖಲಾಗಿದೆ ಎಂದು ಅವರು ನಂಬಿದ್ದರು. ಸತ್ಯ ಜೋಪಾನವಾಗಿದೆ ಎಂದಾದ ಮೇಲೆ ಕ್ಷಮಿಸುವುದು ಅವರಿಗೆ ಕಷ್ಟವಾಗಿರಲಿಲ್ಲ. ಪ್ರತಿ ದಸರಾಕ್ಕೂ ಬನ್ನಿ ಕೊಡಲು ಅವರು ಮೊದಲು ಹೋಗುತ್ತಿದ್ದುದು ಮನೋಹರ್ ಮನೆಗೆ.

“ಇದನ್ನ ತಿದ್ದಾಕ ಬರಂಗಿಲ್ಲೇನು?” ಎಂದು ಕೇಳಿದರು.

“ಇದು ಆಧಾರ್ ಕಾರ್ಡ್ ಅಲ್ಲ ಮಾವ, ತಿದ್ದುಪಡಿ ಮಾಡಿಸೋಕೆ. ನಮ್ಮಂಥೋರು ಓದ್ಬೋದು, ಅಷ್ಟೇ.”

ಎರಡು ದಿನ ಅವರು ಅಂಗಡಿ ಕಡೆ ಬರಲಿಲ್ಲ. ಅವರು ಊಟ ಸರಿಯಾಗಿ ಮಾಡುತ್ತಿಲ್ಲವೆಂದು ಶಿವಲಿಂಗವ್ವ ಫೋನು ಮಾಡಿದರು. ಮೂರನೆಯ ದಿನ ಸಂಚಿಕೆಯ ಕರಡು ಪುಟಗಳನ್ನು ಮನೋಹರ್ ಅವರಿಗೆ ತೋರಿಸಲು ನಾನು ಸಂಜಯನಗರಕ್ಕೆ ಹೊರಟಿದ್ದಾಗ, ನಾಗಲಿಂಗಪ್ಪ ಬಂದು ನನ್ನ ಸ್ಕೂಟರಿನ ಹಿಂದೆ ಕೂತರು.

ಮನೋಹರ್ ಮನೆಯಲ್ಲಿ ಕಾಫಿ ಬಂತು. ಅವರ ಮಾತು ಮಧುರ, ಅದರಲ್ಲಿ ಎರಡು ಮಾತಿಲ್ಲ. ನಾಗಲಿಂಗಪ್ಪ ಜೇಬಿನಿಂದ, ನಾನು ಮುದ್ರಿಸಿಕೊಟ್ಟಿದ್ದ ಆ ಉತ್ತರದ ಮಡಿಚಿದ ಹಾಳೆ ತೆಗೆದು ಟೀಪಾಯಿಯ ಮೇಲೆ ಹರಡಿದರು. ಅದರ ಪಕ್ಕದಲ್ಲಿ ಇನ್ನೊಂದು ಕಾಗದ. ಶಿವಲಿಂಗವ್ವ ಟ್ರಂಕಿನಲ್ಲಿಟ್ಟಿದ್ದ, ಆ ವರ್ಷದ ಪೂಜೆಯ ಆಹ್ವಾನ ಪತ್ರಿಕೆ ಅದು. ‘ಆಡಳಿತ ವರ್ಗದ ವತಿಯಿಂದ’ ಎಂದು ಕೆಂಪಕ್ಷರದಲ್ಲಿತ್ತು.

ಮನೋಹರ್ ಎರಡನ್ನೂ ನೋಡಿದರು. ಗಾಬರಿಯಾಗಲಿಲ್ಲ. ಅದೇ ನನ್ನ ಪಿತ್ತ ಕೆರಳಿಸಿದ್ದು.

“ಅಯ್ಯೋ, ಇದಾ? ಇದು ಫಾರ್ಮ್ಯಾಟ್ ಕಣ್ರೀ ನಾಗಲಿಂಗಪ್ಪ. ಪಾರ್ಲಿಮೆಂಟ್ ಪ್ರಶ್ನೆ ಅಂತ ಟೆಲೆಕ್ಸ್ ಬರೋದು, ಇಪ್ಪತ್ನಾಲ್ಕು ಗಂಟೇಲಿ ಉತ್ತರ ಹೋಗ್ಬೇಕು. ಮೇಲಿನೋರು ಹಿಂಗೇ ಬರಿ ಅಂದ್ರು, ಬರ್ದೆ. ಬೇರೆ ಥರ ಬರ್ದಿದ್ರೆ ಫ್ಯಾಕ್ಟ್ರಿ ಇನ್‌ಸ್ಪೆಕ್ಟರು ಶೆಡ್ಡಿಗೇ ಬೀಗ ಹಾಕೋರು. ನಿಮ್ಮ ಕೆಲಸ ಉಳಿಸಿದ್ದು ಯಾರು ಹೇಳಿ? ಆ ಟೂಲ್ ರೂಮ್ ಪೋಸ್ಟಿಂಗ್ ಸುಮ್ನೆ ಬಂತಾ?”

“ಅದಕ್ಕ ನಿಮಗ ವರ್ಷಾ ವರ್ಷಾ ಕೈ ಮುಗದೀನ್ರಿ” ಎಂದರು ನಾಗಲಿಂಗಪ್ಪ. “ಯಾರೂ ನೋಡಿಲ್ಲ ಅಂತ ಯಾಕ ಬರದ್ರಿ?”

“ಯಾರಿದ್ರು ಅಲ್ಲಿ? ಎಲ್ರೂ ಕ್ಯಾಂಟೀನಿಗೆ ಹೋಳಿಗೆ ಊಟಕ್ಕೆ ಹೋಗಿದ್ರಲ್ಲ. ವಿಚಾರಣೇಲಿ ಎಲ್ಲರನ್ನೂ ಕೇಳಿದ್ವಿ. ನೋಡಿದೀನಿ ಅಂತ ಒಬ್ನೂ ಹೇಳಲಿಲ್ಲ. ನೀವೂ ಹೆಬ್ಬೆಟ್ಟು ಒತ್ತಿದೀರಿ.”

ಅದೂ ನಿಜವಂತೆ. ಆಸ್ಪತ್ರೆಯ ಮಂಚದ ಮೇಲೆ, ಬಲಗೈ ಬ್ಯಾಂಡೇಜಿನಲ್ಲಿರುವಾಗ, ಎಡಗೈಯ ಹೆಬ್ಬೆಟ್ಟನ್ನು ಯಾವುದೋ ಕಾಗದಕ್ಕೆ ಒತ್ತಿಸಿಕೊಂಡು ಹೋಗಿದ್ದರು. ರಜೆ ಅರ್ಜಿ ಎಂದು ಇವರು ತಿಳಿದಿದ್ದರು. ಯಂತ್ರದ ಕಡೆ ಮುಖ ಮಾಡಿ ನಿಂತಿದ್ದ ಇವರು, ತಮ್ಮ ಹಿಂದೆ ಎಷ್ಟು ಜನರಿದ್ದರು ಎಂದು ನೋಡಿರಲಿಲ್ಲ. ಆಮೇಲೆ ಪ್ರಜ್ಞೆಯೇ ಇರಲಿಲ್ಲ.

ಮನೋಹರ್ ಕೊನೆಗೆ ಒಂದು ಉಪಾಯ ಹೇಳಿದರು. “ಒಂದ್ ಕೆಲಸ ಮಾಡಿ. ಪ್ರಶ್ನೆ ಮಾತ್ರ ಸಂಚಿಕೇಲಿ ಹಾಕೋಣ. ಉತ್ತರ ಬಿಡೋಣ. ನಿಮಗೂ ಗೌರವ, ಸಂಘಕ್ಕೂ ಗೌರವ. ಈಗ ಇದನ್ನೆಲ್ಲ ಕೆದಕಿ ಯಾರಿಗೇನ್ ಬರ್ಬೇಕು?”

ನಾನು ಬಾಯಿ ತೆರೆದೆ. ನಾಗಲಿಂಗಪ್ಪ ಕೈಸನ್ನೆಯಿಂದ ತಡೆದು, ಹಾಳೆಗಳನ್ನು ಮಡಿಚಿ ಜೇಬಿಗಿಟ್ಟುಕೊಂಡು ಎದ್ದರು. ಕಾಫಿ ಲೋಟ ತುಂಬಿದ ಹಾಗೇ ಇತ್ತು.

ಅಂಗಡಿಗೆ ವಾಪಸು ಬಂದವರೇ ತಮ್ಮ ಪುಟವನ್ನು ಎಡಗೈಯಲ್ಲಿ ಬರೆದುಕೊಟ್ಟರು. ಪ್ರಶ್ನೆ, ಮಂತ್ರಿಯ ಉತ್ತರ, ಅದರ ಕೆಳಗೆ ಆ ದಿನ ನಿಜವಾಗಿ ನಡೆದದ್ದು. ಒಂದು ಬೈಗುಳವಿಲ್ಲ. ನಾನಾಗಿದ್ದರೆ ನಾಲ್ಕು ಸೇರಿಸುತ್ತಿದ್ದೆ. ಹಾಗೆಯೇ ಟೈಪು ಮಾಡಿ ನಲವತ್ತೆರಡನೆಯ ಪುಟಕ್ಕೆ ಹಾಕಿದೆ. ಮುದ್ರಣಕ್ಕೆ ಹೋಗುವ ಹಿಂದಿನ ದಿನ ಮನೋಹರ್ ಅವರಿಂದ ವಾಟ್ಸಾಪ್ ಬಂತು. ಸ್ಥಳಾಭಾವದಿಂದ ಪುಟ ನಲವತ್ತೆರಡನ್ನು ಕೈಬಿಡಲಾಗಿದೆ, ಅಲ್ಲಿ ಒಂದು ಬಟ್ಟೆ ಅಂಗಡಿಯ ಜಾಹೀರಾತು ಹಾಕುವುದು. ಸ್ಥಳಾಭಾವವಂತೆ! ನಾನು ಫೋನು ಮಾಡಿ ಬಾಯಿಗೆ ಬಂದದ್ದು ಅಂದೆ. “ನೀವು ಟೈಪಿಂಗ್ ಮಾಡಿ ಸಾಕು, ಎಡಿಟಿಂಗ್ ಬೇಡ” ಎಂದು ಅವರು ಇಟ್ಟುಬಿಟ್ಟರು.

ನಾಗಲಿಂಗಪ್ಪನವರಿಗೆ ಹೇಗೆ ಹೇಳುವುದೆಂದು ಒದ್ದಾಡಿದೆ. ಅವರು ಕೇಳಿಸಿಕೊಂಡು, “ಬಿಡವಾ. ಕಾರ್ಯಕ್ರಮಕ್ಕ ಎಲ್ಲಾರೂ ಬರ್ತಾರಲ್ಲ. ಬಾಯಿಲೆ ಕೇಳ್ತೀನಿ. ಅವತ್ತ ಅಲ್ಲಿದ್ದೆ ಅಂತ ಒಬ್ಬರ ಹೇಳಿದ್ರೂ ನನಗ ಸಾಕು” ಎಂದರು. ಆ ಒಬ್ಬ ಸಿಗುತ್ತಾನೆ ಎಂಬ ನಂಬಿಕೆ ಅವರಿಗೂ ಇದ್ದಂತೆ ಕಾಣಲಿಲ್ಲ.

ಭಾನುವಾರ ಬೆಳಗ್ಗೆ ಯಶವಂತಪುರದ ಒಂದು ಕಲ್ಯಾಣಮಂಟಪದಲ್ಲಿ ಕಾರ್ಯಕ್ರಮ. ನೂರಿಪ್ಪತ್ತು ಜನ ನಿವೃತ್ತರು, ಅವರ ಹೆಂಡತಿಯರು. ಪ್ರಾರ್ಥನೆ, ದೀಪ, ಶಾಲು, ಮನೋಹರ್ ಭಾಷಣ. ಕಾರ್ಖಾನೆ ಒಂದು ಕುಟುಂಬವಾಗಿತ್ತು ಎಂದು ಅವರು ಮೂರು ಸಲ ಹೇಳಿದರು. ಸಂಚಿಕೆ ಬಿಡುಗಡೆಯಾಯಿತು. ಸದಸ್ಯರು ಎರಡು ಮಾತು ಆಡಬಹುದು ಎಂದು ಕರೆದಾಗ ನಾಗಲಿಂಗಪ್ಪ ವೇದಿಕೆ ಹತ್ತಿದರು. ಅವರು ಮೈಕು ಹಿಡಿದದ್ದು ಬಲಗೈಯಲ್ಲಿ, ಹೆಬ್ಬೆರಳು ಮತ್ತು ಕಿರುಬೆರಳ ನಡುವೆ. ಎಡಗೈಯಲ್ಲಿ ಹಾಳೆ.

ಪ್ರಶ್ನೆ ಓದಿದಾಗ ಜನ ಚಪ್ಪಾಳೆ ತಟ್ಟಿದರು. ಅವರು ಉತ್ತರವನ್ನೂ ಓದಿದರು. ನಾನು ಮಾಡಿಕೊಟ್ಟ ಕನ್ನಡದಲ್ಲಿ, ಒಂದಕ್ಷರ ಬಿಡದೆ ಓದಿದರು. ‘ಸಣ್ಣ ಗಾಯ’ ಎಂಬಲ್ಲಿ ಯಾರೋ ಕೆಮ್ಮಿದರು. ‘ಖಾಸಗಿ ಪೂಜೆ’ ಎಂಬಲ್ಲಿ ಹಿಂದಿನ ಸಾಲಿನಿಂದ ಒಂದು ಹೆಂಗಸಿನ ದನಿ, “ಅಯ್ಯೋ ಇವರ ಮನೆ ಹಾಳಾಗ” ಎಂದಿತು. ಅದು ಶಿವಲಿಂಗವ್ವ ಅಲ್ಲ, ಬೇರೆ ಯಾರೋ.

ಮನೋಹರ್ ಎದ್ದು ಬಂದು, “ಆಯ್ತು ನಾಗಲಿಂಗಪ್ಪ, ಊಟಕ್ಕೆ ಹೊತ್ತಾಯ್ತು” ಎಂದು ಮೈಕಿಗೆ ಕೈ ಚಾಚಿದರು. ನಾಗಲಿಂಗಪ್ಪ ಕೊಡಲಿಲ್ಲ.

“ಒಂದ ಮಾತು ಕೇಳಿ ಇಳಿತೀನ್ರಿ. ಅವತ್ತ ಯಾರೂ ನೋಡಿಲ್ಲ ಅಂತ ಪಾರ್ಲಿಮೆಂಟಿನ್ಯಾಗ ಬರದಾರ. ನನಗೂ ಗೊತ್ತಿಲ್ಲ, ನನ್ನ ಬೆನ್ನ ಹಿಂದ ಯಾರಿದ್ರು ಅಂತ. ಮೆಷಿನ್ ಹೊಡಿ ಅಂತ ಹೇಳಿದ್ದನ್ನ ಕೇಳಿದವರು, ಅವತ್ತ ಆ ಶೆಡ್ಡಿನ್ಯಾಗ ಇದ್ದವರು, ಇದ್ರ ಕೈ ಎತ್ರಿ.”

ಯಾರೂ ಎತ್ತಲಿಲ್ಲ. ನಾನು ಗೋಡೆಗೆ ಒರಗಿ ನಿಂತು, ಈ ಜನಕ್ಕೆ ನಾಚಿಕೆಯಾದರೂ ಆಗಬಾರದೇ ಎಂದು ಹಲ್ಲು ಕಡಿಯುತ್ತಿದ್ದೆ. ಆಗ ಎರಡನೆಯ ಸಾಲಿನಲ್ಲಿ ಮುನಿಯಲ್ಲಪ್ಪ ಎಂಬ ಮುದುಕರೊಬ್ಬರು ಕೈ ಎತ್ತಿದರು. ಅವರು ಆ ಶೆಡ್ಡಿನಲ್ಲೇ ಎಣ್ಣೆ ಹಾಕುತ್ತಿದ್ದವರು.

“ನಾನಿದ್ದೆ ಕಣಪ್ಪ. ಕಂಬದ ಪಕ್ಕ ನಿಂತಿದ್ದೆ. ಕೇಳಿಸ್ಕಂಡೆ.”

ಅವರ ಹಿಂದೆ ಇನ್ನೊಂದು ಕೈ ಎದ್ದಿತು. ಎಡಗಡೆ ಇನ್ನೊಂದು. ಕಿಟಕಿಯ ಹತ್ತಿರ ಇಬ್ಬರು ಒಟ್ಟಿಗೆ. ಕೆಲವರು ಕಿವಿಯವರೆಗೆ ಮಾತ್ರ ಎತ್ತಿದರು, ಹೆಂಡತಿ ನೋಡಿದಾಗ ಪೂರ್ತಿ ಎತ್ತಿದರು. ನಾನು ಎಣಿಸಿದೆ. ಹದಿನಾಲ್ಕು. ನನಗೆ ಗೆದ್ದಂತೆನಿಸಿ ಕಣ್ಣು ತುಂಬಿ ಬಂತು, ಶಿವಲಿಂಗವ್ವನ ಭುಜ ಹಿಡಿದುಕೊಂಡೆ. ನಾಗಲಿಂಗಪ್ಪನವರ ಮುಖ ನೋಡಿದ ಮೇಲೆ ಕೈ ಬಿಟ್ಟೆ.

ಅವರು ಆ ಕೈಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಮೂವತ್ತು ವರ್ಷ ಜೊತೆಗೆ ದುಡಿದವರು, ಜಾಲರಿಯ ಕಿಟಕಿಯಲ್ಲಿ ದಿನಾ ಸ್ಪ್ಯಾನರ್ ಕೇಳಿ ಪಡೆದವರು, ಮಗಳ ಮದುವೆಗೆ ಬಂದು ಉಂಡವರು. ಒಬ್ಬೊಬ್ಬರನ್ನೂ ಗುರುತಿಸುತ್ತಾ ಅವರ ದನಿ ಇಳಿಯಿತು. ಮೈಕಿನಲ್ಲಿ ಕಷ್ಟಪಟ್ಟು ಕೇಳಿಸುವಷ್ಟೇ ಇತ್ತು.

“ಇಷ್ಟ ಮಂದಿ ಇದ್ರೇನ್ರಪಾ?”

ಯಾರೂ ಕೈ ಇಳಿಸಲಿಲ್ಲ.